ಸಾವಕಾರರು ಬಂದರೆ ಹೊದೆಯುವ ಸೆರಗು

ಮೊನ್ನೆ ಸೊಸೆ ಶಿರಾ ಮಾಡಿದ್ದಳು. ಮೊದಲ ತುತ್ತಿಗೇ ಒಣದ್ರಾಕ್ಷಿಯ ಕಡ್ಡಿಯೊಂದು ಹಲ್ಲಿಗೆ ಸಿಕ್ಕಿಕೊಂಡಿತು. ನನ್ನ ಬಾಯಲ್ಲಿ ಈಗ ಹಲ್ಲಿಗಿಂತ ಸಂದಿಗಳೇ ಹೆಚ್ಚು, ಆ ಕಡ್ಡಿಗೆ ಹಲ್ಲೇ ಹೇಗೆ ಸಿಕ್ಕಿತೋ ತಿಳಿಯದು. ಶಿರಾ ಚೆನ್ನಾಗಿತ್ತು, ಅದನ್ನು ಹೇಳಲಿಲ್ಲ. ದ್ರಾಕ್ಷಿ ಯಾವ ಶೆಡ್ಡಿನದು, ಇಷ್ಟು ಗಲೀಜಾಗಿ ಆರಿಸಿದವರು ಯಾರು ಎಂದು ಕೇಳಿದೆ. ಅಂಗಡಿಯಿಂದ ತಂದದ್ದು ಎಂದಳು. ಅಂಗಡಿಯಲ್ಲಿ ದ್ರಾಕ್ಷಿ ಬೆಳೆಯುವುದಿಲ್ಲ ಎಂದೆ. ಅವಳು ಎದ್ದು ಒಳಗೆ ಹೋದಳು.

ಕಡ್ಡಿ ಕಂಡರೆ ನನಗೆ ಸಿಟ್ಟು ಬರುವುದಕ್ಕೆ ಕಾರಣವಿದೆ. ತಿಕೋಟಾ ರಸ್ತೆಯ ಶೆಡ್ಡೊಂದರಲ್ಲಿ ಅನೇಕ ವರ್ಷ ನಾನು ಒಣದ್ರಾಕ್ಷಿಯ ಕಡ್ಡಿ ತೆಗೆದವಳು. ವಿಜಯಪುರದ ಜೋರಾಪುರ ಪೇಟೆಯಿಂದ ನಾವೊಂದಿಷ್ಟು ಹೆಂಗಸರು ಬೆಳಿಗ್ಗೆ ಟಂಟಂ ರಿಕ್ಷಾ ಹತ್ತುತ್ತಿದ್ದೆವು. ಹತ್ತುತ್ತಿದ್ದೆವು ಎನ್ನುವುದು ದೊಡ್ಡ ಮಾತು, ತುರುಕಿಕೊಳ್ಳುತ್ತಿದ್ದೆವು. ನನ್ನ ತೊಡೆಯ ಮೇಲೆ ಕೂರುವುದು ಮಾಲನಬಿಯ ಹಕ್ಕಾಗಿತ್ತು. ವಯಸ್ಸಿನಲ್ಲಿ ನನಗಿಂತ ಸಣ್ಣವಳು, ತೂಕದಲ್ಲಿ ಅಲ್ಲ.

ಶೆಡ್ಡಿನ ನಡುವೆ ಒಂದು ಮಿಷನ್ನು. ಮೇಲೆ ದ್ರಾಕ್ಷಿ ಸುರಿದರೆ ಒಳಗೆ ತಿಕ್ಕಿ, ಫ್ಯಾನಿನ ಗಾಳಿಯಿಂದ ಕಡ್ಡಿ ಹಾರಿಸಿ, ಕೆಳಗೆ ದ್ರಾಕ್ಷಿ ಉದುರಿಸುತ್ತಿತ್ತು. ಅದು ಬಿಟ್ಟ ಕಡ್ಡಿಯನ್ನು ನಾವು ಕೂತು ಕೈಯಲ್ಲಿ ತೆಗೆಯಬೇಕು. ಮೋಟಾರಿನಿಂದ ಮಿಷನ್ನಿಗೆ ಒಂದು ಪಟ್ಟಾ, ಅಂದರೆ ಬೆಲ್ಟು, ತಿರುಗುತ್ತಿತ್ತು. ಅದರ ಮೇಲೆ ಕಬ್ಬಿಣದ ಜಾಳಿಗೆಯ ಮುಚ್ಚಳವಿರಬೇಕು. ಪಟ್ಟಾ ಪದೇ ಪದೇ ಕಳಚುತ್ತದೆ ಎಂದು ಮಿಸ್ತ್ರಿ ಅದನ್ನು ತೆಗೆದು ಗೋಡೆಗೆ ಒರಗಿಸಿದವನು ಮತ್ತೆ ಹಾಕಲಿಲ್ಲ, ಮಾಲೀಕರೂ ಹಾಕು ಎನ್ನಲಿಲ್ಲ. ನಾವಾದರೂ ಏನು ಶ್ಯಾಣ್ಯಾರು? ಅದನ್ನು ಮಗುಚಿ ರೊಟ್ಟಿಯ ಗಂಟುಗಳನ್ನು ಇಡುತ್ತಿದ್ದೆವು. ಗಾಳಿ ಆಡಿ ಪಲ್ಯ ಹಳಸುತ್ತಿರಲಿಲ್ಲ, ನೋಡಿ.

ಕೆಲಸಕ್ಕೆ ಕೂತಾಗ ಸೆರಗನ್ನು ಬಿಗಿಯಾಗಿ ಟೊಂಕಕ್ಕೆ ಸಿಗಿಸಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಮಾಲೀಕರ ಮೋಟಾರ್ ಸೈಕಲ್ಲಿನ ಸದ್ದು ಕೇಳಿದರೆ ಅಷ್ಟೂ ಸೆರಗುಗಳು ಟೊಂಕ ಬಿಟ್ಟು ತಲೆಗೆ ಬರುತ್ತಿದ್ದವು. ಅವರನ್ನು ನಾವು ಸಾವಕಾರ್ರು ಎನ್ನುತ್ತಿದ್ದೆವು. ವಯಸ್ಸಿನಲ್ಲಿ ನನ್ನ ತಮ್ಮನಷ್ಟು, ಆದರೂ ಪಗಾರ ಕೊಡುವವರು ದೊಡ್ಡವರೇ, ದೊಡ್ಡವರ ಮುಂದೆ ಬರಿತಲೆಯಲ್ಲಿ ಇರಬಾರದು. ನಮ್ಮವರಿಗೂ ಮಾಲನಬಿಯವರಿಗೂ ಇದರಲ್ಲಿ ಭೇದವಿರಲಿಲ್ಲ.

ಒಂದು ದಿನ ಮಾಲನಬಿ ಮಿಷನ್ನಿಗೆ ದ್ರಾಕ್ಷಿ ಸುರಿಯುತ್ತಿದ್ದಾಗ ಸಾವಕಾರ್ರು ಬಂದರು. ಎಲ್ಲರಂತೆ ಅವಳೂ ಸೆರಗು ಬಿಚ್ಚಿ ಹೊದ್ದಳು. ಫ್ಯಾನಿನ ಗಾಳಿ ಅದರ ಚುಂಗನ್ನು ಎತ್ತಿ ಪಟ್ಟಾದೊಳಗೆ ಕೊಟ್ಟಿತು. ಬಿಡಿಸಿಕೊಳ್ಳಲು ಕೈ ಹಾಕಿದಳು, ಕೈಯೂ ಹೋಯಿತು. ಬಾಗಿಲ ಹತ್ತಿರವಿದ್ದ ಸಾವಕಾರ್ರೇ ಓಡಿ ಬಟನ್ ಬಂದ್ ಮಾಡಿದರು, ಅದನ್ನು ಇಲ್ಲವೆನ್ನಬಾರದು. ಬಲಗೈ ಮಣಿಕಟ್ಟಿನ ಎಲುಬು ಮುರಿದಿತ್ತು. ತಾವೇ ಗಾಡಿ ತರಿಸಿ ವಿಜಯಪುರದ ದವಾಖಾನೆಗೆ ಕರೆದೊಯ್ದು ಪ್ಲಾಸ್ಟರ್ ಹಾಕಿಸಿದರು.

ಇಲ್ಲಿಯವರೆಗೆ ಒಳ್ಳೆಯ ಮನುಷ್ಯ. ಪಗಾರದ ದಿನ ಬಾಯಿ ತೆರೆದರು. ತಪ್ಪು ಅವಳದೇ, ಹೆಣ್ಣಾಗಿ ಸೆರಗು ಸಂಭಾಳಿಸಲು ಬರಬಾರದೇ, ಆದರೂ ನಾನು ಧರ್ಮಕ್ಕೆ ಖರ್ಚು ಮಾಡಿದ್ದೇನೆ, ಇನ್ನು ಮುಂದೆ ಅವಳ ಹಣೆಬರಹ ಎಂದರು. ಡಾಕ್ಟರು ಆ ಕೈಗೆ ತಿಂಗಳುಗಟ್ಟಲೆ ಕೆಲಸ ಬೇಡವೆಂದಿದ್ದರು. ಅವಳ ಗಂಡ ಗೋಳಗುಮ್ಮಟದ ಹತ್ತಿರ ಮಕ್ಕಳ ಆಟಿಕೆ ಮಾರುವವನು, ರಜೆಯ ದಿನ ಬಿಟ್ಟರೆ ಅವನ ಪೀಪಿಯನ್ನು ಅವನೇ ಊದಬೇಕು. ಮನೆ ನಡೆಯುತ್ತಿದ್ದದ್ದು ಮುರಿದ ಆ ಕೈಯಿಂದ.

ಸಂಜೆ ಮಾಲನಬಿಯ ಮನೆಗೆ ಹೋಗಿ ಸಾವಕಾರ್ರ ಮಾತು ತಿಳಿಸಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಪ್ಲಾಸ್ಟರಿನೊಳಗೆ ಕಡ್ಡಿ ಹಾಕಿ ಕೆರೆದುಕೊಳ್ಳುತ್ತಾ ಹೇಳಿದಳು: “ಧರ್ಮ ಅಂದ್ರ ಮನಸ್ಸು ಬಂದಾಗ ಕೊಡೂದು, ಬ್ಯಾಸರಾದಾಗ ಬಿಡೂದು. ನನ್ನ ಎಲುಬು ಅವರ ಮನಸ್ಸು ನೋಡಿ ಕೂಡತೈತೇನಕ್ಕಾ?”

ಕೆಲಸದಲ್ಲಿ ಗಾಯವಾದರೆ ಮಾಲೀಕರೇ ಹೊಣೆ ಎಂದು ಕಾನೂನೇ ಇದೆಯಂತೆ. ಆಗ ನಮಗೆ ಗೊತ್ತಿದ್ದ ಕಾನೂನು ಸೆರಗಿನದೊಂದೇ. ಮರುದಿನ ಎಲ್ಲರ ಮುಂದೆ ಸಾವಕಾರ್ರಿಗೆ ಅದನ್ನೇ ಹೇಳಿದೆ.

“ಸಾವಕಾರ್ರ, ಆಕಿ ಸೆರಗು ಟೊಂಕದಾಗ ಇತ್ತು. ನೀವು ಬಂದ್ರಿ ಅಂತ ಬಿಚ್ಚಿ ಹೊದಕೊಂಡ್ಳು.”

“ಅಂದ್ರ ನಾ ನನ್ನ ಶೆಡ್ಡಿಗೆ ಬರಬಾರದೇನು?”

“ಬರ್ರಿ. ಆದ್ರ ಪಟ್ಟಾಕ್ಕ ಮುಚ್ಚಳ ಬೀಳೂತನಕ, ಆಕಿ ಕೈಯಿನ ಹೊಣಿ ನೀವು ಹೊರೂತನಕ ನಮ್ಮ ಸೆರಗು ಏಳಂಗಿಲ್ಲ.”

ಅವರು ನಕ್ಕು ಹೋದರು. ನಾವು ಹೇಳಿದಂತೆ ಮಾಡುತ್ತೇವೆಂದು ಅವರಿಗೆ ಅನ್ನಿಸಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅನ್ನಿಸಿರಲಿಲ್ಲ. ಮರುದಿನ ಮೋಟಾರ್ ಸೈಕಲ್ಲಿನ ಸದ್ದಾದಾಗ ನನ್ನ ಕೈ ತಾನಾಗಿಯೇ ಸೆರಗಿಗೆ ಹೋಯಿತು, ಕೈ ಎಳೆದು ಅದರ ಮೇಲೆಯೇ ಕೂತುಬಿಟ್ಟೆ. ಯಾರೂ ಹೊದೆಯಲಿಲ್ಲ. ಅರ್ಧ ಮೆಹಂದಿ, ಅರ್ಧ ಬೆಳ್ಳಗೆ ಇದ್ದ ನನ್ನ ಕೂದಲು ಊರಿಗೆಲ್ಲ ಕಂಡಿತು. ಸಾವಕಾರ್ರು ಬಾಗಿಲಲ್ಲೇ ನಿಂತರು, ಚಾವಣಿಯ ಪತ್ರಾಸು ನೋಡಿದರು, ಕೆಮ್ಮಿದರು, ಹೊರಗೆ ಹೋದರು. ಅಷ್ಟು ಹೆಂಗಸರ ಬರಿತಲೆಯ ಮುಂದೆ ನಿಲ್ಲುವುದು ಅವರಿಂದಾಗಲಿಲ್ಲ. ಮರ್ಯಾದೆ ನಮಗಷ್ಟೇ ಕಲಿಸಿದ್ದಲ್ಲ ಎಂದು ಆಗ ತಿಳಿಯಿತು.

“ಎಲ್ಲಾರೂ ಅದೀರೇನು?” ಎಂದು ಹೊರಗಿನಿಂದ ಕೇಳಿದರು.

“ಅದೀವ್ರಿ. ಒಳಗ ಬರ್ರೆಲಾ.”

“ಬ್ಯಾಡ, ಇಲ್ಲೇ ಛಲೋ ಗಾಳಿ ಐತಿ.”

ಆ ಗಾಳಿಯನ್ನು ಕೆಲವು ದಿನ ಕುಡಿದರು. ಮಾಲು ನೋಡಲು ಬಬಲೇಶ್ವರದ ವ್ಯಾಪಾರಿ ಬಂದಾಗಲೂ ಬೇವಿನ ಮರದ ಕೆಳಗೆ ಬುಟ್ಟಿ ತರಿಸಿ ತೋರಿಸಬೇಕಾಯಿತು. ಶೆಡ್ಡು ಇದೆಯಲ್ಲ, ನಾವೇಕೆ ಹೊರಗೆ ನಿಂತಿದ್ದೇವೆ ಎಂದು ಅವನು ಕೇಳಿದನಂತೆ. ಏನು ಹೇಳಿಯಾರು?

ಮರುದಿನ ಸಾವಕಾರ್ರು ಮಿಸ್ತ್ರಿಯೊಂದಿಗೆ ಬಂದರು. ಬಾಗಿಲಲ್ಲಿ ನಮಗೆ ಬೆನ್ನು ಮಾಡಿ ನಿಂತು, ಹೊರಗಿನ ಬೇವಿನ ಮರಕ್ಕೆ ಹೇಳುವಂತೆ ಹೇಳಿದರು: “ಮಿಷನ್ ನಂದು, ಪಟ್ಟಾ ನಂದು. ಆಕಿ ಕೈ ನೆಟ್ಟಗಾಗೂತನಕ ದವಾಖಾನಿ, ಪಗಾರ ಎರಡೂ ನಂದ. ಧರ್ಮ ಅಲ್ಲ. ಈಗರೆ ಸೆರಗು ಹೊದಕೋರ್ವಾ.”

“ಮೊದಲ ಮುಚ್ಚಳ ಬಿಗೀಲಿ,” ಎಂದೆ. ರೊಟ್ಟಿಯ ಗಂಟುಗಳನ್ನು ತೆಗೆದು ಜಾಳಿಗೆಯನ್ನು ಮಿಸ್ತ್ರಿಗೆ ಕೊಟ್ಟೆವು.

ಅವರು ಆಡಿದಂತೆ ನಡೆದುಕೊಂಡರು. ಅಷ್ಟೂ ದಿನ ಮಾಲನಬಿಯ ಮನೆಯಲ್ಲಿ ಗಂಡನೇ ರೊಟ್ಟಿ ಬಡಿದ. ಕೈ ಮುರಿದದ್ದಕ್ಕೆ ಪಗಾರ ಬರುತ್ತದೆ, ಇವನ ರೊಟ್ಟಿಗೆ ಹಲ್ಲು ಮುರಿದರೆ ಯಾರನ್ನು ಕೇಳಲಿ ಎಂದು ಅವಳ ಗೋಳು. ಕೈ ಕೂಡಿತು, ಸ್ವಲ್ಪ ಸೊಟ್ಟಗೆ. ಅದೇ ಕೈಯಿಂದ ಮತ್ತೆ ಬಂದು ದ್ರಾಕ್ಷಿ ಸುರಿದಳು.

ಇಷ್ಟು ಬರೆಯುವಷ್ಟರಲ್ಲಿ ಹೊರಗೆ ಧಡ್ ಎಂದಿತು. ನಮ್ಮ ಮನೆಗೆ ಇವತ್ತು ಬಣ್ಣ ಹಚ್ಚಿಸುತ್ತಿದ್ದೇವೆ. ಹೋಗಿ ನೋಡಿದರೆ ಬಣ್ಣದವನು ನೀರಿನ ಡ್ರಮ್ಮಿನ ಮೇಲೆ ಸ್ಟೂಲು ಇಟ್ಟು ಹತ್ತಿದ್ದಾನೆ, ಬಿದ್ದದ್ದು ಡಬ್ಬಿ ಮಾತ್ರ. “ನನಗ ರೂಢಿ ಐತಿ ಬಿಡ್ರಿ ಆಯಿ,” ಎಂದ. ಬಿದ್ದರೆ ನನ್ನನ್ನು ಕೇಳಬೇಡ ಎಂಬ ಮಾತು ನನ್ನ ನಾಲಗೆಯ ತುದಿಗೇ ಬಂದಿತ್ತು. ನುಂಗಿದೆ.

“ಇಳಿ,” ಎಂದೆ. “ಬಿದ್ರ ನಾನ ಹೊಣಿ. ಮನಿ ನಂದು.”

ಪಕ್ಕದ ಮನೆಯಿಂದ ಏಣಿ ತರಲು ಹೋಗಿದ್ದಾನೆ. ನಮ್ಮ ಅಂಗಳದ ಫರ್ಸಿಕಲ್ಲು ಜಾರುತ್ತದೆ, ಏಣಿಯ ಬುಡ ಹಿಡಿಯಲು ಒಬ್ಬರು ಬೇಕು. ಸೊಸೆ ಪೇಟೆಗೆ ಹೋಗಿದ್ದಾಳೆ. ನಾನೇ ಹಿಡಿಯಬೇಕು.