ಕುರಿ ನೆಕ್ಕಿದ ಮರಿ

ಗೋಡೆಗೆ ಬಳಿಯಲು ನೆನೆಹಾಕಿದ್ದ ಸುಣ್ಣ ಕೊತಕೊತ ಕುದಿದು ಸಿಡಿದಾಗ, ಪರಶುರಾಂಪುರದ ಕಡೆಯ ಕುರಿ ಕಾಯುವ ನಾಗಕ್ಕನ ಬಲಗಣ್ಣು ಸುಟ್ಟು ಬಿಳಿ ಪೊರೆ ಕಟ್ಟಿತು. ಎಷ್ಟೋ ವರ್ಷಗಳ ಮೇಲೆ ದೊಡ್ಡಾಸ್ಪತ್ರೆಯ ಡಾಕ್ಟರು, "ಎಡಗಣ್ಣಿನ ಅಂಚಿಂದ ಒಂದು ಚೂರು ತೆಗೆದು, ಬೆಳೆಸಿ, ಬಲಗಣ್ಣಿಗೆ ಹಾಕ್ತೀವಿ" ಎಂದರು.

ಒಳ್ಳೆಯ ಕಣ್ಣಿಗೂ ಕತ್ತರಿಯೇ! ನಾಗಕ್ಕ ಎಡಗಣ್ಣಿಗೆ ಕೈ ಅಡ್ಡ ಹಿಡಿದಳು.

"ಅವ್ವಂದು ಬ್ಯಾಡ, ನಂದು ತಗೀರಿ," ಎಂದಳು ಮಗಳು ಚಿತ್ರಾ.

"ಬೇರೆಯವರದ್ದನ್ನ ದೇಹ ಸುಲಭಕ್ಕೆ ಒಪ್ಪಲ್ಲಮ್ಮ."

ನಾಗಕ್ಕ ಅಡ್ಡ ಹಿಡಿದಿದ್ದ ಕೈ ಇಳಿಸಿದಳು. ಆಮೇಲೆ ಮಗಳನ್ನೇ ಗದರಿದಳು: "ಸುಮ್ನಿರೇ! ತಬ್ಬಲಿ ಮರೀನ ಬೇರೆ ಕುರಿ ಮೂಸಿ ಒದೆಯಲ್ವಾ? ತನ್ನ ಸತ್ತ ಮರಿ ಚರ್ಮ ಹೊದಿಸಿದ್ರೆ ಮಾತ್ರ ನೆಕ್ಕಿ ಹಾಲು ಕೊಡ್ತೈತೆ. ನಂದೇ ತಗೀರಿ, ಡಾಕ್ಟ್ರೇ."

ಚಿಕಿತ್ಸೆ ಮುಗಿದು ಪಟ್ಟಿ ಬಿಚ್ಚಿದ ದಿನ ಡಾಕ್ಟರು ಅವಳ ಎಡಗಣ್ಣು ಮುಚ್ಚಿ, "ಹೇಗಿದೆ?" ಎಂದರು.

ಮಸುಕಿನಲ್ಲಿ ಮಗಳ ಹಣೆಯ ಕುಂಕುಮ ಕೆಂಪಗೆ ಮೂಡಿತು.

"ಕುರಿ ಮರೀನ ನೆಕ್ತಾ ಐತೆ," ಎಂದಳು ನಾಗಕ್ಕ.