ಏನು ಬೇಕಾದರೂ ಕೇಳಿ ಅಂದ ಸಂಜೆ

ಜನ ಬಾಹ್ಯಾಕಾಶ ವಿಜ್ಞಾನಿಯನ್ನು ನೇರವಾಗಿ ಪ್ರಶ್ನೆ ಕೇಳಲಿ ಅಂತ ಕಾಫಿ ತೋಟಗಳ ನಡುವಿನ ಜಾವಳಿ ಕಡೆಯ ಒಂದು ಶಾಲೆಯವರು ನನ್ನನ್ನು ಕರೆಸಿದ್ದರು. ಉಪಗ್ರಹಗಳ ಬಗ್ಗೆ ಮಾತಾಡಿ, "ಏನು ಬೇಕಾದರೂ ಕೇಳಿ" ಅಂದೆ. ಎಲ್ಲರೂ ಮೊಬೈಲ್ ನೋಡುತ್ತಾ ಕೂತಿದ್ದರು. ನನಗೆ ಸಿಟ್ಟೇ ಬಂತು.

ಎಸ್ಟೇಟ್ ಕೆಲಸದ ಹೆಂಗಸೊಬ್ಬರು ಎದ್ದರು. "ಸಾರ್, ತೋಟದೊಳಗಿರೋ ಆನೆ ನಿಮ್ಮ ಉಪಗ್ರಹಕ್ಕೆ ಕಾಣುತ್ತಾ?"

"ಮೋಡ, ಮರ ಅಡ್ಡ ಇದ್ರೆ ಕಷ್ಟ ಅಮ್ಮಾ. ಯಾಕೆ?"

"ಈಗಷ್ಟೇ ಎಲ್ರ ಮೊಬೈಲಿಗೂ ಫಾರೆಸ್ಟಿನೋರ ಮೆಸೇಜ್ ಬಂತು. ಒಂಟಿ ಸಲಗ ನಮ್ಮ ತೋಟ ದಾಟಿ ಈ ಕಡೆಗೇ ಬರ್ತಿದೆಯಂತೆ. ನಮ್ಮನೆಯವ್ರು ಅಲ್ಲೇ ಕೆಲಸದಲ್ಲಿದಾರೆ, ಫೋನ್ ಎತ್ತುತಿಲ್ಲ."

ಹೆಡ್‌ಮಾಸ್ಟರು ಮೈಕ್ ಆರಿಸಿ, ಸದ್ದಾಗದಂತೆ ಬಾಗಿಲು ಹಾಕಿದರು. ಹೊರಗೆ ಹತ್ತಿರದಲ್ಲೇ ಕೊಂಬೆ ಮುರಿದ ಸದ್ದು ಕೇಳಿತು. ವೇದಿಕೆ ಇಳಿದು ಆಕೆಯ ಪಕ್ಕ ಕೂತೆ.

"ಎಷ್ಟು ದೂರ ಇರಬಹುದು? ಈ ಬಾಗಿಲು ತಡೆಯುತ್ತಾ? ವಾಸನೆ ಹಿಡಿಯುತ್ತಾ?"

"ಸ್ವಲ್ಪ ಸುಮ್ನಿರಿ ಸಾರ್." ಆಕೆ ಮತ್ತೆ ಗಂಡನ ನಂಬರ್ ಒತ್ತಿ ಫೋನ್ ಕಿವಿಗಿಟ್ಟುಕೊಂಡರು.

ಎಷ್ಟೋ ಹೊತ್ತಿನ ಮೇಲೆ ಆ ಕಡೆಯಿಂದ ಗಂಡಸಿನ ದನಿ ಕೇಳಿತು. ಆನೆ ಹಳ್ಳದ ಕಡೆ ಇಳಿದಿತ್ತಂತೆ. ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಹೆಡ್‌ಮಾಸ್ಟರು ವಂದನಾರ್ಪಣೆಯಲ್ಲಿ, ಪ್ರಶ್ನೋತ್ತರ ಚೆನ್ನಾಗಿ ನಡೆಯಿತು ಅಂದರು. ನಡೆದದ್ದು ನಿಜ. ಹೆಚ್ಚು ಪ್ರಶ್ನೆ ಕೇಳಿದವನು ಮಾತ್ರ ನಾನು.