ಅಣಬೆಯಾಗದ ಉಪ್ಪು

ಆಕೆಗೆ ಉಪ್ಪಕ್ಕ ಎಂದು ಹೆಸರಿಟ್ಟವರು ಕಚೇರಿಯವರೇ. ನೆಲದಡಿ ಮೂರು ಕಿಲೋಮೀಟರ್ ಆಳದಲ್ಲಿ ಹುದುಗಿದ ಉಪ್ಪಿನ ಪದರ, ಮೇಲೆ ಪೇರಿಕೊಂಡ ಮಣ್ಣು ಮರಳಿನ ಭಾರಕ್ಕೆ ನಾದಿದ ಹಿಟ್ಟಿನಂತೆ ಜರುಗುತ್ತ ಹೇಗೆ ಉಬ್ಬುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ಆಕೆಯ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ, ಅದೇ ಕುರ್ಚಿ.

"ದಿನವಿಡೀ ಅಲ್ಲೇನ್ ಮಾಡ್ತೀಯಮ್ಮ?" ಎಂದು ಅತ್ತೆ ಒಮ್ಮೆ ಕೇಳಿದ್ದರು.

"ಉಪ್ಪು ಮೇಲೇಳೋದನ್ನ ನೋಡ್ತೀನಿ, ಅತ್ತೆ."

"ಎಷ್ಟೊತ್ತು ಬೇಕು ಅದಕ್ಕೆ?"

"ಒಂದೆರಡು ಕೋಟಿ ವರ್ಷ."

"ಹಾಗಾದ್ರೆ ಸರ್ಕಾರಿ ಕೆಲಸಾನೇ ಬಿಡು," ಎಂದು ಅತ್ತೆ ನೆಮ್ಮದಿಯಿಂದ ಬೀನ್ಸ್ ಸೋಸತೊಡಗಿದರು.

ಹೊಸದಾಗಿ ಬಂದ ನಿರ್ದೇಶಕರಿಗೆ ಉಪ್ಪಿನ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ: ಅದು ಅಣಬೆಯಾಕಾರದಲ್ಲಿ ಏಳುತ್ತದೆ, ಕೊಡೆಯ ಕೆಳಗೆ ಎಣ್ಣೆ ಸಿಗುತ್ತದೆ. ಉಪ್ಪಕ್ಕನ ಲೆಕ್ಕ ಮುಗಿಯುವ ಮೊದಲೇ ಅವರು ವರದಿಯ ಮುಖಪುಟ ಅಚ್ಚು ಹಾಕಿಸಿಬಿಟ್ಟಿದ್ದರು. ಮುಖಪುಟದ ತುಂಬ ಗುಲಾಬಿ ಬಣ್ಣದ ಅಣಬೆ.

"ನಿಮ್ಮ ಚಿತ್ರದಲ್ಲಿ ಅಣಬೆ ಎಲ್ರೀ?"

"ಏಳಲಿಲ್ಲ ಸರ್. ಮೇಲಿನ ಬಂಡೆ ಬಲು ಗಟ್ಟಿ. ಸೀಳಿಕೊಂಡು ಬರೋಕಾಗದೆ ದಿಂಬಿನ ಹಾಗೆ ಉಬ್ಬಿ ನಿಂತಿದೆ."

"ಮುಖಪುಟ ಆಗಲೇ ಮಂತ್ರಿಗಳ ಮೇಜಿನ ಮೇಲಿದೆ. ಸ್ವಲ್ಪ ಅಡ್ಜಸ್ಟ್ ಮಾಡಿ."

"ಉಪ್ಪನ್ನಾ ಸರ್?"

"ಮತ್ತೆ, ಮಂತ್ರಿಗಳನ್ನಾ?"

ಆಕೆಯ ಬಡ್ತಿಯ ಕಡತವೂ ಮಂತ್ರಿಗಳ ಅದೇ ಮೇಜಿನ ಮೇಲಿತ್ತು. ಉಪ್ಪಕ್ಕ ಕುರ್ಚಿಗೆ ಮರಳಿ, ಲೆಕ್ಕದಲ್ಲಿ ಗಟ್ಟಿ ಬಂಡೆಯನ್ನು ಮೆತ್ತಗೆ ಮಾಡಿದಳು. ನಲವತ್ತೇ ನಿಮಿಷದಲ್ಲಿ ಲಕ್ಷಣವಾದ ಅಣಬೆ ಎದ್ದಿತು. ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಹಾಗೆಂದು ಅಳಿಸಿ ಹಾಕಲು ಧೈರ್ಯ ಸಾಲಲಿಲ್ಲ. ದಿಂಬು, ಅಣಬೆ ಎರಡನ್ನೂ ಮುದ್ರಿಸಿ, ಅಣಬೆಯ ಕೆಳಗೆ "ಬಂಡೆ ಬೆಣ್ಣೆಯಾಗಿದ್ದರೆ ಹೀಗಾಗುತ್ತಿತ್ತು" ಎಂದು ಬರೆದು ಸಹಿ ಹಾಕಿ ಕೊಟ್ಟಳು.

ನಿರ್ದೇಶಕರು ಓದಲಿಲ್ಲ. ದಿಂಬನ್ನು ಕಡತಕ್ಕೆ ತಳ್ಳಿ, ಅಣಬೆಗೆ ಚೌಕಟ್ಟು ಹಾಕಿಸಿ, ಕಚೇರಿ ಬಾಗಿಲ ಪಕ್ಕದ ಗೋಡೆಗೇ ತೂಗುಹಾಕಿದರು. ಸಹಿ ಸಮೇತ.

ಅಣಬೆಯ ಕೊಡೆ ಇರಬೇಕಾದಲ್ಲಿ ಎರಡು ತಿಂಗಳು ಕೊರೆದರು. ಬಂದದ್ದು ಬರೀ ಬಂಡೆ. ತನಿಖಾ ಸಮಿತಿಯಲ್ಲಿದ್ದ ಹಿರಿಯ ವಿಜ್ಞಾನಿಯೊಬ್ಬರು ಬಾಗಿಲಲ್ಲಿ ನಿಂತು, ಕನ್ನಡಕ ಏರಿಸಿ, ಗೋಡೆಯ ಚಿತ್ರವನ್ನು ಕೊನೆಯ ಸಾಲಿನವರೆಗೂ ಓದಿದರು. ಅವರ ನಗು ಮೆಟ್ಟಿಲ ಕೆಳಗೂ ಕೇಳಿಸಿತಂತೆ.

ಸಮಿತಿಯ ವರದಿ ಬಂತು: "ಬೆಣ್ಣೆಯ ವಿಷಯವನ್ನು ಸಾಕಷ್ಟು ದೊಡ್ಡ ಅಕ್ಷರದಲ್ಲಿ ಬರೆದಿರಲಿಲ್ಲ." ನಿರ್ದೇಶಕರಿಗೆ ಇನ್ನೂ ದೊಡ್ಡ ಕಚೇರಿಗೆ ಬಡ್ತಿಯಾಯಿತು. ಉಪ್ಪಕ್ಕನಿಗೆ ಸಿಕ್ಕಿದ್ದು, ಇನ್ನು ಮುಂದೆ ದೊಡ್ಡ ಅಕ್ಷರದಲ್ಲೇ ಬರೆಯಬೇಕೆಂಬ ಸುತ್ತೋಲೆ.

ಆದರೂ ಹಿರಿಯರು ಕಡತದಿಂದ ದಿಂಬಿನ ಹಾಳೆ ಹುಡುಕಿಸಿ, ಅದರ ಪ್ರಕಾರ ಇನ್ನೊಂದು ಕಡೆ ಕೊರೆಸಿದರು. ಆಕೆ ಹೇಳಿದ ಆಳಕ್ಕಿಂತ ಹತ್ತೇ ಮೀಟರ್ ಕೆಳಗೆ ಉಪ್ಪು ಸಿಕ್ಕಿತು. ಅಂದು ಉಪ್ಪಕ್ಕ ಮೊದಲ ಸಲ ಕೊರೆಯುವ ಜಾಗಕ್ಕೆ ಹೋದಳು. ಆಗಷ್ಟೇ ಮೇಲೆ ಬಂದ ತುಂಡನ್ನು ಎರಡೂ ಕೈಯಲ್ಲಿ ಹಿಡಿದು, ಸುತ್ತ ಯಾರಿದ್ದಾರೆಂದೂ ನೋಡದೆ, ನೆಕ್ಕಿದಳು.

"ಅಯ್ಯೋ, ತೊಳೆದಿಲ್ಲ ಮೇಡಂ!" ಎಂದ ಕೊರೆಯುವವನು.

"ತೊಳೆದ್ರೆ ಉಳಿಯುತ್ತೇನಪ್ಪಾ?" ಎಂದು ಉಪ್ಪಕ್ಕ ಇನ್ನೊಮ್ಮೆ ನೆಕ್ಕಿದಳು.